ಅಳದ ಮಗುವಿನ ಎದೆಬಡಿತ: ಗೆಳೆಯನಿಗೊಂದು ಪತ್ರ

ಗೆಳೆಯಾ,

ಜಗಳ ಶುರುವಾದ ಕೂಡಲೇ ನಿನಗೆ ಬಾಯಿ ಕಟ್ಟುತ್ತದೆ, ನಿನ್ನ ಹೆಂಡತಿಗೋ ಆಗಲೇ ಮಾತು ಬೇಕು. ನಿನ್ನ ಪ್ರಕಾರ ಅದು ಹುಟ್ಟುಗುಣ. ಸ್ವಲ್ಪ ತಡಿ.

1960ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಒಂದು ಪ್ರಯೋಗ ಕಟ್ಟಿದರು. ವರ್ಷದ ಮಗು, ತಾಯಿ, ಆಟಿಕೆಗಳಿರುವ ಹೊಸ ಕೋಣೆ. ಸುಮಾರು 20 ನಿಮಿಷದೊಳಗೆ ತಾಯಿ ಎರಡು ಸಲ ಹೊರಗೆ ಹೋಗಿ ಬರುತ್ತಾಳೆ. ಸಲಕ್ಕೆ 3 ನಿಮಿಷ, ಮಗು ತೀರಾ ಅತ್ತರೆ ಇನ್ನೂ ಬೇಗ. ಮುಖ್ಯವಾಗಿ ಗಮನಿಸುವುದು ಅವಳು ಮರಳಿದ ಗಳಿಗೆಯನ್ನು. ಕೆಲವು ಮಕ್ಕಳು ಓಡಿಬಂದು ಅಪ್ಪಿ, ಸಮಾಧಾನವಾಗಿ ಮತ್ತೆ ಆಟಕ್ಕಿಳಿಯುತ್ತವೆ. ಕೆಲವು ಎತ್ತಿಕೋ ಎಂದು ಕೈಚಾಚಿ, ಎತ್ತಿಕೊಂಡರೆ ಒದೆಯುತ್ತವೆ. ಇನ್ನು ಕೆಲವು ತಲೆಯನ್ನೇ ಎತ್ತುವುದಿಲ್ಲ. 'ಎಷ್ಟು ಜಾಣಮರಿ, ಹಟವೇ ಇಲ್ಲ' ಎಂದು ಹೊಗಳಿಸಿಕೊಳ್ಳುವುದು ಇವೇ. ಆದರೆ 1970ರ ದಶಕದಲ್ಲಿ ಅಳೆದು ನೋಡಿದಾಗ ಇವುಗಳ ಎದೆಬಡಿತವೂ ಏರಿತ್ತು. ಅತ್ತರೆ ಫಲವಿಲ್ಲವೆಂದು ಕಲಿತ ಮಗು ಅಳು ನುಂಗುತ್ತದೆ, ಕಳವಳ ಒಳಗೇ ಉಳಿಯುತ್ತದೆ.

ನಿನ್ನ ಮೌನವೂ ಆ ಜಾತಿಯದಿರಬಹುದು. ಅವಳಿಗದು ತಿರಸ್ಕಾರವಾಗಿ ಕಾಣುತ್ತದೆ, ಬೆನ್ನು ಹತ್ತುತ್ತಾಳೆ. ಅವಳು ಹತ್ತಿದಷ್ಟೂ ನೀನು ಒಳಸರಿಯುತ್ತೀ.

ಹಾಗಂತ ಅಮ್ಮನ ಮೇಲೆ ಹೊರಿಸಬೇಡ. ಮನಶ್ಶಾಸ್ತ್ರಜ್ಞ ಎಡ್ ಟ್ರಾನಿಕ್ ಅವರ ಲೆಕ್ಕದಲ್ಲಿ, ಅನ್ಯೋನ್ಯವಾಗಿರುವ ತಾಯಿ-ಮಗುವಿನ ಮುಖಾಮುಖಿ ಆಟದಲ್ಲೂ ತಾಳ ಕೂಡುವುದು ಶೇ. 30ರಷ್ಟು ಹೊತ್ತು ಮಾತ್ರ. ತಪ್ಪಿದ್ದು ಮತ್ತೆ ಕೂಡಿದಾಗಲೆಲ್ಲ ನಂಬಿಕೆ ಒಂದಿಷ್ಟು ಗಟ್ಟಿಯಾಗುತ್ತದೆ. ಮೇಲಾಗಿ, ತಾಯಿ ಮರಳಿದಾಗ ಮಗು ನಡೆದುಕೊಳ್ಳುವ ಬಗೆಗೂ ದೊಡ್ಡವರಾದ ಮೇಲಿನ ಸಂಬಂಧಕ್ಕೂ ಇರುವ ನಂಟು ಸಾಧಾರಣದ್ದೇ. (ಹತ್ತು ಪ್ರಶ್ನೆಗೆ ಉತ್ತರಿಸಿ 'ನಾನು ಇಂಥವನು' ಎಂದು ಹಣೆಪಟ್ಟಿ ಅಂಟಿಸಿಕೊಳ್ಳುವವರನ್ನು ಕಂಡರೆ ನನಗೆ ರೇಗುತ್ತದೆ.)

ಈಗ ಕೆಲಸದ ಮಾತು. ಉಸಿರು ಬಿಗಿಯಿತೇ, ಎದ್ದು ಹೋಗು; ಆದರೆ ಹೇಳಿ ಹೋಗು: 'ಈಗ ಮಾತಾಡಕ್ಕಾಗ್ತಿಲ್ಲ, ಅರ್ಧ ಗಂಟೆಗೆ ಬರ್ತೀನಿ.' 20 ನಿಮಿಷವಾದರೂ ಬೇಕು, ಮೈ ತಣಿಯಲು. ರಾತ್ರಿಯಿಡೀ ಎಳೆದರೆ ಅವಳಿಗದು ಶಿಕ್ಷೆ. ಆ ಹೊತ್ತಿನಲ್ಲಿ ಜಗಳವನ್ನೇ ಮೆಲುಕು ಹಾಕುತ್ತಾ ವಾದ ಹೊಸೆದರೆ ಬಿಡುವು ದಂಡ. ನಡೆದಾಡು, ಪಾತ್ರೆ ತೊಳೆ. ಹೇಳಿದ ಹೊತ್ತಿಗೆ ನೀನೇ ಹೋಗಿ ಮಾತು ತೆಗೆ. ಬಹುತೇಕ ಜನ ಎಡವುವುದು ಇಲ್ಲೇ: ಸಿಟ್ಟು ಇಳಿದಿರುತ್ತದೆ, ಇನ್ನೇಕೆ ಕೆದಕಬೇಕು ಎಂದು ಸುಮ್ಮನಾಗುತ್ತಾರೆ. ಮೊದಮೊದಲು ಅವಳು ಮುನಿಸಿನಿಂದಲೇ ಎದುರಾಗಬಹುದು, ಆಗ ಮತ್ತೆ ಎದ್ದು ಹೋಗಬೇಡ.

ಸಾಕಿದವರೇ ಹೆದರಿಸಿದವರೂ ಆಗಿದ್ದರೆ ಮಾತ್ರ ಇಷ್ಟು ಸಾಲದು. ಅದನ್ನು ಹೆಂಡತಿಯ ತಲೆಗೆ ಕಟ್ಟದೆ, ತರಬೇತಾದ ಆಪ್ತಸಮಾಲೋಚಕರ ಎದುರು ಬಿಚ್ಚಿಡು.

ನಿನ್ನ ಗೆಳೆಯ