ಹೊಸ ಕಾರಿಗೆ ಮೊದಲ ಸಾವಿರ ಕಿ.ಮೀ. ತಾಳ್ಮೆ ಬೇಕು

ಮಾನ್ಯ ಸಂಪಾದಕರೇ,

ಕಾರು ಮನೆಗೆ ಬಂದ ದಿನವೇ ಹೆದ್ದಾರಿಗೆ ಹೋಗಿ 'ಎಷ್ಟು ಓಡುತ್ತೆ ನೋಡೋಣ' ಅನ್ನುವವರನ್ನು ಕಂಡರೆ ಸಂಕಟವಾಗುತ್ತದೆ. ಹೊಸ ಎಂಜಿನ್‌ನಲ್ಲಿ ಪಿಸ್ಟನ್ ರಿಂಗ್‌ಗಳು (ಪಿಸ್ಟನ್ ಸುತ್ತ ಇರುವ ಲೋಹದ ಬಳೆಗಳು) ಸಿಲಿಂಡರಿನ, ಅಂದರೆ ಪಿಸ್ಟನ್ ಓಡಾಡುವ ಕೊಳವೆಯ, ಗೋಡೆಗೆ ಇನ್ನೂ ಸರಿಯಾಗಿ ಕೂತಿರುವುದಿಲ್ಲ. ಲೋಹದ ಸಣ್ಣ ಒರಟುತನ ಸವೆದು ನಯವಾಗಲು ಸಮಯ ಬೇಕು, ಅಲ್ವಾ? ಅದಕ್ಕೇ ಬಹಳಷ್ಟು ಕೈಪಿಡಿಗಳಲ್ಲಿ ಮೊದಲ 1,000 ಕಿ.ಮೀ. ತನಕ, ಕೆಲವದರಲ್ಲಿ 1,500ರ ತನಕ, ಆಕ್ಸಿಲರೇಟರ್ ಪೂರ್ತಿ ತುಳಿಯಬೇಡಿ, ಒಂದೇ ವೇಗದಲ್ಲಿ ತುಂಬಾ ಹೊತ್ತು ಓಡಿಸಬೇಡಿ, ಬೇರೆ ಗಾಡಿ ಎಳೆಯಬೇಡಿ ಎಂದು ಬರೆದಿರುತ್ತಾರೆ.

ಹಾಗಂತ ಸುಮ್ನೆ ಟಾಪ್ ಗೇರಿನಲ್ಲಿ ತೆವಳಿಸುವುದೂ ತಪ್ಪು. ಗಾಡಿ ನಡುಗಿ ಎಂಜಿನ್ ಗುರುಗುಟ್ಟಿದರೆ ಒಂದು ಗೇರ್ ಇಳಿಸಿ.

ಬ್ರೇಕ್ ಪ್ಯಾಡ್, ಟೈರ್ ಕೂಡ ಹೊಸದೇ. ಮೊದಲ ಕೆಲವು ನೂರು ಕಿ.ಮೀ. ಅವುಗಳ ಹಿಡಿತ ಕಡಿಮೆ, ಒದ್ದೆ ರಸ್ತೆಯಲ್ಲಂತೂ ಇನ್ನೂ ಕಡಿಮೆ, ಆದ್ದರಿಂದ ಮುಂದಿನ ಗಾಡಿಯಿಂದ ಜಾಸ್ತಿ ಅಂತರ ಬಿಡಿ.

ನಾನು ಕಾರು ಕೊಂಡಾಗ ಇದನ್ನೆಲ್ಲ ಯಾರೂ ಹೇಳಲಿಲ್ಲ. ಕೈಪಿಡಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಕವರಿನೊಳಗೇ ಉಳಿದಿತ್ತು. ಕೀ ಕೊಡುವಾಗ ಮಾರಾಟಗಾರರು ಆ ಒಂದು ಪುಟವನ್ನು ತೆರೆದು ತೋರಿಸಲಿ ಎಂದು ಕೇಳಿಕೊಳ್ಳುತ್ತೇನೆ.

ಇತಿ,
ಒಬ್ಬ ಓದುಗ