ಶೀಗಿ ಹುಣ್ಣಿಮಿಗೆ ನೃಪತುಂಗ ಬೆಟ್ಟಕ್ಕ ಬರೋರಿಗೆ

ಎಲ್ಲಾರಿಗೂ ನಮಸ್ಕಾರ್ರಿ. ಹುಣ್ಣಿಮಿ ಸಂಜಿಗೆ ಬೆಟ್ಟದ ಮ್ಯಾಲೆ ಸೇರೋದು ಪಕ್ಕಾ. ಹೊತ್ತು ಮುಳುಗೋಕಿಂತ ಮೊದಲ ಬಂದುಬಿಡ್ರಿ, ಯಾಕಂದ್ರ ಹುಣ್ಣಿಮಿ ಚಂದ್ರ ಸೂರ್ಯ ಮುಳುಗೋ ಹೊತ್ತಿಗೇ ಮೂಡಣದಾಗ ಏಳತಾನ. ಮರುದಿನದಿಂದ ದಿನಾ ಸರಾಸರಿ 50 ನಿಮಿಷ ತಡಾ ಆಗಿ ಏಳತಾನ. ನಕ್ಷತ್ರಗಳ ನಡುವ ಅವನು ದಿನಾ ಪೂರ್ವಕ್ಕ ಸುಮಾರು 13 ಡಿಗ್ರಿ ಸರೀತಾನ, ಅಂದ್ರ ಕೈ ಚಾಚಿ ಹಿಡಿದ ಮುಷ್ಟಿಗಿಂತ ಒಂಚೂರು ಹೆಚ್ಚು.

ಹೋದ ಸಲ "ಚಂದ್ರ ತನ್ನಷ್ಟಕ್ಕ ತಿರುಗೂದ ಇಲ್ಲ, ಅದಕ್ಕ ಒಂದ ಮಾರಿ ಕಾಣ್ತದ" ಅಂತ ಗಡಿಬಿಡ್ಯಾಗ ಹೇಳಿಬಿಟ್ಟಿದ್ದೆ. ತಪ್ಪಾತು. ಮನಿ ಮುಂದಿನ ತುಳಸಿ ಕಟ್ಟಿ ಕಡೆ ಮಾರಿ ಮಾಡಿಕೊಂಡ ಒಂದು ಸುತ್ತು ಹಾಕಿ ನೋಡ್ರಿ. ಕಟ್ಟಿಗೆ ನಿಮ್ಮ ಬೆನ್ನು ಕಾಣಲೇ ಇಲ್ಲ. ಆದ್ರ ನಿಮ್ಮ ಕಣ್ಣ ಮುಂದ ತಲಬಾಗಿಲು, ಬೇವಿನ ಗಿಡ, ಗೇಟು, ಮಗ್ಗಲ ಮನಿ ಗ್ವಾಡಿ ಎಲ್ಲಾ ಹಾದು ಹೋದ್ವು. ಅಂದ್ರ ನೀವೂ ಒಮ್ಮೆ ಪೂರ್ತಿ ತಿರುಗಿದ್ರಿ! ಚಂದ್ರಂದೂ ಹಂಗ: ಭೂಮಿ ಸುತ್ತಾಕೂ 27.3 ದಿನ, ತಾನು ತಿರುಗಾಕೂ ಅಷ್ಟ. ಅವನ ಆ ಕಡೆ ಮಾರಿ ನಮಗ ಕಂಡಿದ್ದು 1959ರಾಗ, ಸೋವಿಯತ್ ನೌಕೆ ಲೂನಾ 3 ತೆಗೆದ ಫೋಟೋದಾಗ.

ಹುಣ್ಣಿಮಿಯಿಂದ ಹುಣ್ಣಿಮಿಗೆ ಮಾತ್ರ 29.5 ದಿನ, ಅಷ್ಟರಾಗ ಭೂಮಿನೂ ಸೂರ್ಯನ ಸುತ್ತ ಮುಂದ ಹೋಗಿರ್ತದಲ್ಲ.

ಬೈನಾಕ್ಯುಲರ್ ಇದ್ದೋರು ತರ್ರಿ. ಚಹಾ ನಂದು. ಚರಗಾ ಚೆಲ್ಲಿ ಕಡಬು ಉಳಿದಿದ್ರ ನಾಚಿಕಿ ಮಾಡಬ್ಯಾಡ್ರಿ, ಕಟ್ಟಿಕೊಂಡ ಬರ್ರಿ.