ಸುಬ್ಬು, ನಿಮ್ಮಪ್ಪನ ಕಾರಿನ ವಿಷಯ

ಪ್ರಿಯ ಸುಬ್ಬು,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಅಷ್ಟು ದುಡ್ಡಿಗೆ ಒಳ್ಳೇ ಕಾರೇ ಬರ್ತಿತ್ತು ಮಾರಾಯ, ಆ ಹಳೇ ಡಬ್ಬ ಯಾಕೆ ಸಾಕ್ತೀಯಾ" ಅಂತ. ಆಗ ನಕ್ಕು ಮಾತು ತೇಲಿಸಿದೆ. ಉತ್ತರ ಉದ್ದ ಇತ್ತು, ಮತ್ತೆ ಫೋನಿನಲ್ಲಿ ನೀನು ಯಾರನ್ನೂ ಪೂರ್ತಿ ಮಾತಾಡಲು ಬಿಟ್ಟವನಲ್ಲ. ಅದಕ್ಕೇ ಇಲ್ಲಿ ನಾಲ್ಕು ಜನರ ಎದುರು ಬರೆಯುತ್ತಿದ್ದೇನೆ. ಓದುವವರಿದ್ದರೆ ನಾನೂ ಸ್ವಲ್ಪ ಮರ್ಯಾದೆಯಿಂದ ಇರುತ್ತೇನೆ. ಹಲಸಿನ ಹಣ್ಣಿನ ವಿಷಯ ಎತ್ತುವುದಿಲ್ಲ, ಹೆದರಬೇಡ. ಶೃಂಗೇರಿ ಬಸ್ಸಿನದೂ ಇಲ್ಲ.

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ನನ್ನದು 1967ರ ಮಾರಿಸ್ ಮೈನರ್, ನಿಮ್ಮ ಅಪ್ಪಯ್ಯನ ಹತ್ತಿರ ಇದ್ದಂಥದ್ದೇ ಬ್ರಿಟಿಷ್ ಕಾರು. ಇಂಗ್ಲೆಂಡಿನಲ್ಲಿ ನಲವತ್ತು ವರ್ಷ ದಾಟಿದ ಗಾಡಿಗೆ ರಸ್ತೆ ತೆರಿಗೆ ಇಲ್ಲ. 2018ರಿಂದ ವರ್ಷಕ್ಕೊಮ್ಮೆಯ ತಪಾಸಣೆಯೂ ಕಡ್ಡಾಯವಲ್ಲ, ಗಾಡಿಯ ಮೂಲ ರೂಪವನ್ನು ಜಾಸ್ತಿ ಬದಲಾಯಿಸಿರಬಾರದು ಅಷ್ಟೇ. ಲಂಡನ್ನಿನ ಹೊಗೆ ಸುಂಕವೂ ಇಲ್ಲ. ಪಕ್ಕದ ಮನೆಯವರ 2012ರ ಡೀಸೆಲ್ ಕಾರು ಲಂಡನ್ನಿಗೆ ಹೋದರೆ ದಿನಕ್ಕೆ 12.50 ಪೌಂಡ್ ಕಟ್ಟಬೇಕು. ನನ್ನದು ಅದರ ಮುಂದೆಯೇ ನೀಲಿ ಹೊಗೆ ಬಿಟ್ಟುಕೊಂಡು ಪುಕ್ಕಟೆ ಹೋಗುತ್ತದೆ. ಅವರು ನನ್ನ ಜೊತೆ ಮಾತು ಕಡಿಮೆ ಮಾಡಿದ್ದು ಸಹಜವೇ. ಖರ್ಚು ಬರುವುದು ಪೆಟ್ರೋಲಿನಲ್ಲಿ. 2021ರ ಸೆಪ್ಟೆಂಬರಿನಿಂದ ಇಲ್ಲಿನ ಮಾಮೂಲಿ ಪೆಟ್ರೋಲಿಗೆ ಹತ್ತು ಪರ್ಸೆಂಟ್‌ವರೆಗೆ ಎಥೆನಾಲ್ ಬೆರೆಸುತ್ತಾರೆ. ಅದು ಹಳೇ ರಬ್ಬರ್ ಪೈಪು, ವಾಷರುಗಳನ್ನು ತಿಂದು ಹಾಕುತ್ತದೆ. ಹಾಗಾಗಿ ದುಬಾರಿ ಪೆಟ್ರೋಲೇ ಹಾಕಿಸಬೇಕು. ನಿಮ್ಮಲ್ಲಿ ಈಗ ಇಪ್ಪತ್ತು ಪರ್ಸೆಂಟ್ ಅಲ್ವಾ? ಅಲ್ಲಿ ಹಳೇ ಗಾಡಿ ಇಟ್ಟುಕೊಂಡವರನ್ನು ದೇವರೇ ಕಾಪಾಡಬೇಕು.

ಸ್ಪೇರ್ ಪಾರ್ಟ್ಸಿಗೆ ಮಾತ್ರ ತೊಂದರೆಯೇ ಇಲ್ಲ. ಇವರು ಈ ಕಾರನ್ನು 1948ರಿಂದ 1971ರವರೆಗೆ ಹದಿನಾರು ಲಕ್ಷ ತಯಾರಿಸಿದ್ದಾರೆ. ಬಾಗಿಲ ರಬ್ಬರಿನಿಂದ ಹಿಡಿದು ನೆಲದ ತಗಡಿನವರೆಗೆ ಎಲ್ಲ ಹೊಸದಾಗಿ ಸಿಗುತ್ತದೆ. ರಾತ್ರಿ ಆರ್ಡರ್ ಮಾಡಿದರೆ ಮರುದಿನ ಬಾಗಿಲಿಗೆ. ನಿಮ್ಮ ಅಪ್ಪಯ್ಯ ಒಂದು ಕ್ಲಚ್ ಪ್ಲೇಟಿಗೆ ಬೆಂಗಳೂರಿನ ಜೆಸಿ ರಸ್ತೆಗೆ ಮನುಷ್ಯನನ್ನು ಕಳಿಸಿ, ಅವನು ಬರುವವರೆಗೆ ಬೈಕಿನಲ್ಲಿ ಪೇಷಂಟ್ ನೋಡಲು ಹೋಗುತ್ತಿದ್ದರಲ್ಲ, ನೆನಪಾಗುತ್ತದೆ.

ನಿಮ್ಮ ಕಾರಿನ ಬಾನೆಟ್ ನಡುವೆ ಉದ್ದಕ್ಕೆ ಒಂದು ಉಬ್ಬಿದ ಪಟ್ಟಿ ಇತ್ತಲ್ಲ, ನಾವು ಅದರ ಮೇಲೆ ಗೋಲಿ ಉರುಳಿಸಿ ಬೈಸಿಕೊಳ್ಳುತ್ತಿದ್ದೆವಲ್ಲ? ಅದರ ಕಥೆ ಇಲ್ಲಿಗೆ ಬಂದ ಮೇಲೆ ತಿಳಿಯಿತು. ಈ ಕಾರಿನ ವಿನ್ಯಾಸ ಅಲೆಕ್ ಇಸಿಗೋನಿಸ್ ಎಂಬಾತನದು. ಮುಂದೆ 1959ರಲ್ಲಿ ಮಿನಿ ಕಾರು ಮಾಡಿದ್ದೂ ಅವನೇ. ಮೈನರ್ ಎಲ್ಲ ತಯಾರಾಗಿ, ಇನ್ನೇನು ಕಾರ್ಖಾನೆಗೆ ಹೋಗಬೇಕು ಅನ್ನುವಾಗ ಅವನಿಗೆ ಕಾರು ಸಣಕಲು ಕಾಣಿಸಿತಂತೆ. ಉದ್ದಕ್ಕೆ ಸರಿಯಾಗಿ ಎರಡು ಹೋಳು ಮಾಡಿಸಿದ. ಎರಡು ಹೋಳನ್ನೂ ದೂರ ಸರಿಸುತ್ತಾ ಹೋಗಿ, ಕಣ್ಣಿಗೆ ಸರಿ ಅನ್ನಿಸಿದಾಗ ನಿಲ್ಲಿಸಿದ. ನಾಲ್ಕು ಇಂಚು. ಆ ನಾಲ್ಕು ಇಂಚಿನ ಜಾಗ ತುಂಬಿಸಿದ್ದೇ ಬಾನೆಟ್ಟಿನ ಪಟ್ಟಿ. ಬಂಪರುಗಳು ಅಷ್ಟರಲ್ಲಿ ತಯಾರಾಗಿಬಿಟ್ಟಿದ್ದವು. ಅವನ್ನೂ ನಡುವೆ ಕತ್ತರಿಸಿ ತುಂಡು ಸೇರಿಸಿದರು. ಕಂಪನಿಯ ದಣಿ ಲಾರ್ಡ್ ನಫೀಲ್ಡ್‌ಗೆ ಈ ಕಾರು ಕಂಡರಾಗುತ್ತಿರಲಿಲ್ಲ, ಬೇಯಿಸಿದ ಮೊಟ್ಟೆ ಅಂತ ಹಂಗಿಸಿದ್ದನಂತೆ. ಆ ಮೊಟ್ಟೆಯೇ ಬ್ರಿಟನ್ನಿನಲ್ಲಿ ಹತ್ತು ಲಕ್ಷ ದಾಟಿದ ಮೊದಲ ಕಾರಾಯಿತು. ಇದೆಲ್ಲ ನಡೆದದ್ದು ನಾನಿರುವ ಆಕ್ಸ್‌ಫರ್ಡಿನಲ್ಲೇ, ಕೌಲಿ ಕಾರ್ಖಾನೆಯಲ್ಲಿ. ಅದೇ ಕೌಲಿಯಲ್ಲಿ ಈಗ ಬಿಎಂಡಬ್ಲ್ಯುದವರು ಮಿನಿ ತಯಾರಿಸುತ್ತಾರೆ.

ಇನ್ನು ಕೆಲಸದ ಮಾತು. ಸುಬ್ಬು, ಈ ಕಾರಿನ ಬ್ರೇಕ್ ಮಾಸ್ಟರ್ ಸಿಲಿಂಡರ್, ಅಂದರೆ ಬ್ರೇಕ್ ತುಳಿದಾಗ ಚಕ್ರಗಳಿಗೆ ಆಯಿಲ್ ತಳ್ಳುವ ಭಾಗ, ಎಲ್ಲಿದೆ ಗೊತ್ತಾ? ಡ್ರೈವರ್ ಕಾಲಡಿ. ಮ್ಯಾಟ್ ಎತ್ತಿ, ನೆಲದ ಮುಚ್ಚಳ ತೆಗೆದು, ಬಗ್ಗಿ ಬ್ರೇಕ್ ಆಯಿಲ್ ಹಾಕಬೇಕು. ಅದನ್ನು ಬಿಚ್ಚಬೇಕಾದರಂತೂ ಮುಗಿಯಿತು. ಹಿಡಿದಿರುವ ಬೋಲ್ಟು ಚಾಸಿಯ ಅಡ್ಡಕ್ಕೆ ಹಾಯ್ದು ಬಂದಿರುತ್ತದೆ. ಹೊರಗೆ ಎಳೆಯಲು ಹೋದರೆ ಸಸ್ಪೆನ್ಷನ್ನಿನ ಟಾರ್ಷನ್ ಬಾರ್, ಸ್ಪ್ರಿಂಗಿನ ಕೆಲಸ ಮಾಡುವ ಉದ್ದನೆಯ ಸರಳು, ಅಡ್ಡ. ಅಂದರೆ ಬ್ರೇಕ್ ರಿಪೇರಿಗೆ ಮುಂದಿನ ಚಕ್ರದ ಸಸ್ಪೆನ್ಷನ್ ಸಡಿಲಿಸಬೇಕು. ನಮ್ಮ ಮಿಲಿಮೀಟರ್ ಪಾನಾ ಒಂದೂ ಕೂರುವುದಿಲ್ಲ, ಎಲ್ಲ ಇಂಚಿನ ಲೆಕ್ಕ. ಕಾರಿನಡಿ ಅಂಗಾತ ಮಲಗಿ, ಕಣ್ಣಿಗೆ ತುಕ್ಕು ಉದುರಿಸಿಕೊಂಡು, ನಾನು ಕನ್ನಡದಲ್ಲಿ ಏನೇನು ಬೈದಿದ್ದೇನೆ ಅನ್ನುವುದು ಪುಣ್ಯಕ್ಕೆ ಈ ಬೀದಿಯಲ್ಲಿ ಯಾರಿಗೂ ಅರ್ಥವಾಗಿಲ್ಲ. ಮುಂದಿನ ಚಕ್ರ ಹಿಡಿದಿರುವ ಟ್ರುನಿಯನ್ನಿಗೆ ತಪ್ಪದೆ ಗ್ರೀಸ್ ಕೊಡಬೇಕು. ಮರೆತವರ ಚಕ್ರ ಒಂದು ದಿನ ನಡುರಸ್ತೆಯಲ್ಲಿ ಮಡಚಿಕೊಂಡು ಮಡ್‌ಗಾರ್ಡ್ ಒಳಗೆ ಕೂರುತ್ತದೆ.

ಆದರೆ ಬೆಳಿಗ್ಗೆ ಕೀ ತಿರುಗಿಸಿದಾಗ ಒಂದು ಸದ್ದು ಬರುತ್ತದೆ ನೋಡು. ಇಂಜಿನ್ನಿನದಲ್ಲ, ಅದಕ್ಕೂ ಮುಂಚಿನದು. ಬಾನೆಟ್ಟಿನಡಿ ಕಾರ್ಬೊರೇಟರಿಗೆ ಪೆಟ್ರೋಲ್ ಕಳಿಸುವ ಎಸ್‌ಯು ಕಂಪನಿಯ ಪಂಪ್ ಟಕಟಕಟಕ ಅಂತ ಓಡುತ್ತದೆ. ಕಾರ್ಬೊರೇಟರ್ ತುಂಬುತ್ತಾ ಬಂದ ಹಾಗೆ ಟಕ್... ಟಕ್... ಅಂತ ನಿಧಾನವಾಗಿ, ನಿಂತುಬಿಡುತ್ತದೆ. ಆಮೇಲೆ ಚೋಕ್ ಎಳೆದು ಸೆಲ್ಫ್ ಹೊಡೆಯಬೇಕು. ಈ ಸದ್ದು ಕೇಳಿದರೆ ನನಗೆ ಕೊಪ್ಪದ ನಿಮ್ಮ ಮನೆಯ ಇಳಿಜಾರು, ಜುಲೈ ಮಳೆ, ಡೆಟಾಲ್ ವಾಸನೆ.

ಇಲ್ಲಿಂದ ವಿಷಯ ಬೇರೆ ಕಡೆ ಹೋಗುತ್ತದೆ. ಟೀ ಇಟ್ಟುಕೊಂಡು ಬಾ.

ಹೋದ ಬೇಸಿಗೆಯಲ್ಲಿ ಹತ್ತಿರದ ಹಳ್ಳಿಯೊಂದರಲ್ಲಿ ಹಳೇ ಕಾರುಗಳ ಮೇಳ ಇತ್ತು. ಇಂಥ ಮೇಳಗಳಲ್ಲಿ ನಾನು ಅಭ್ಯಾಸ ಮಾಡಿಕೊಂಡ ಒಂದು ಆಟ ಇದೆ. ಬ್ಯಾಟರಿ ಚೆನ್ನಾಗಿದ್ದರೂ ಕಾರನ್ನು ಹ್ಯಾಂಡಲ್ ಹೊಡೆದು, ಅಂದರೆ ಮುಂದಿನಿಂದ ಕಬ್ಬಿಣದ ಹಿಡಿ ತೂರಿಸಿ ಕೈಯಿಂದ ತಿರುಗಿಸಿ, ಸ್ಟಾರ್ಟ್ ಮಾಡುವುದು. ಜನ ಸೇರುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆ ದಿನ ಗುಂಪಿನಲ್ಲಿದ್ದ ಒಬ್ಬ ಮುದುಕರು ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಹೆಬ್ಬೆರಳನ್ನು ಹ್ಯಾಂಡಲ್ ಸುತ್ತಿ ಹಿಡಿಯುವುದಿಲ್ಲ, ಉಳಿದ ಬೆರಳುಗಳ ಪಕ್ಕದಲ್ಲೇ ಇಡುತ್ತೇನೆ. ಕೆಳಕ್ಕೆ ಒತ್ತುವುದಿಲ್ಲ, ಮೇಲಕ್ಕೆ ಎಳೆಯುತ್ತೇನೆ. ಇಂಜಿನ್ ಉಲ್ಟಾ ಒದ್ದರೆ ಹೆಬ್ಬೆರಳು ಮುರಿಯುತ್ತದೆ, ಅದಕ್ಕೆ. "ಇದನ್ನು ನಿಮಗೆ ಯಾರು ಹೇಳಿಕೊಟ್ಟರು? ಈಗಿನವರಿಗೆ ಗೊತ್ತಿರುವುದಿಲ್ಲ" ಅಂದರು. "ನಮ್ಮಪ್ಪ" ಅಂದೆ. ಅದು ನೂರಕ್ಕೆ ನೂರು ನಿಜ.

"ಓ, ನಿಮ್ಮ ತಂದೆಯ ಹತ್ತಿರ ಮೈನರ್ ಇತ್ತಾ?"

"ಇತ್ತು."

ಸುಮ್ನೆ ಬಾಯಿಗೆ ಬಂತು ಕಣೋ. ಈ ಮೇಳಗಳಲ್ಲಿ ಎಲ್ಲರೂ ಅದನ್ನೇ ಹೇಳುವುದು. ನಮ್ಮಪ್ಪನ ಹತ್ತಿರ ಇತ್ತು, ನಮ್ಮಜ್ಜಿಯ ಹತ್ತಿರ ಇತ್ತು, ನಮ್ಮ ಟೀಚರ್ ಹತ್ತಿರ ಇತ್ತು. ಬೇರೇನೂ ಹೇಳದಿದ್ದರೂ ನಡೆಯುತ್ತದೆ, ಅದೊಂದು ಹೇಳಬೇಕು. ಇಷ್ಟು ವರ್ಷ ಇಲ್ಲಿದ್ದು ಹವಾಮಾನ ಬಿಟ್ಟು ಬೇರೆ ಮಾತಾಡದ ಜನ ಬಾನೆಟ್ ಎತ್ತಿದ ತಕ್ಷಣ ಹೆಗಲ ಮೇಲೆ ಕೈ ಹಾಕುತ್ತಾರೆ. ನನಗೂ ಒಂದು 'ಇತ್ತು' ಬೇಕಾಗಿತ್ತು. ಮಾರಿಸ್ ಅಲ್ಲದಿದ್ದರೆ ಈ ಊರಿನಲ್ಲಿ ನನಗೆ ಸ್ನೇಹಿತರು ಯಾರಿದ್ದಾರೆ ಅಂತ ಯೋಚಿಸಿದರೆ, ಬೇಡ ಬಿಡು.

ಆ ಮುದುಕರ ಅಪ್ಪ 1950ರ ದಶಕದಲ್ಲಿ ಕೌಲಿಯಲ್ಲಿ ಕೆಲಸಕ್ಕಿದ್ದರಂತೆ. "ಹಾಗಾದರೆ ನಮ್ಮಪ್ಪ ಜೋಡಿಸಿದ ಕಾರನ್ನು ನಿಮ್ಮಪ್ಪ ಓಡಿಸಿರಬಹುದು" ಅಂದವರು ನನ್ನ ಕೈ ಹಿಡಿದುಕೊಂಡರು. ಬಿಡಲೇ ಇಲ್ಲ. ಇನ್ನು ನಾನು "ಇಲ್ಲ ಸ್ವಾಮಿ, ಕಾರು ಡಾಕ್ಟ್ರದು, ನಮ್ಮಪ್ಪ ಅವರ ಕಂಪೌಂಡರ್" ಅಂತ ಹೇಗೆ ಹೇಳಲಿ? ಅದೂ ಅಲ್ಲದೆ ನಿಮ್ಮ ಕಾರು ಕೌಲಿಯಿಂದ ಬಂದದ್ದೋ, ಕಲ್ಕತ್ತದ ಹತ್ತಿರ ಉತ್ತರಪಾರಾದಲ್ಲಿ ಜೋಡಿಸಿ 'ಬೇಬಿ ಹಿಂದುಸ್ತಾನ್' ಅಂತ ಮಾರಿದ್ದೋ ಯಾರಿಗೆ ಗೊತ್ತು. ನಾನು ಹೇಳಿದ್ದು ಸುಳ್ಳು, ಅವರು ನಂಬಿದ್ದು ನಿಜವೋ ಅಲ್ಲವೋ ಅನುಮಾನ. ಆದರೂ ಇಬ್ಬರ ಕಣ್ಣಲ್ಲೂ ನೀರು.

ಮುಂದಿನ ಮೇಳದ ಹೊತ್ತಿಗೆ ನಮ್ಮಪ್ಪ ಕಾಡು ದಾರಿಯಲ್ಲಿ ಮೈನರ್ ಓಡಿಸಿಕೊಂಡು ಹಳ್ಳಿಗಳಿಗೆ ಔಷಧಿ ಕೊಡುತ್ತಿದ್ದ ಅಂತಾಗಿತ್ತು. ಇದನ್ನು ನಾನು ಹೇಳಿದ್ದಲ್ಲ, ಅವರೇ ಸೇರಿಸಿದ್ದು. ನಾನು ಬೇಡ ಅನ್ನಲಿಲ್ಲ ಅಷ್ಟೇ.

ಆಮೇಲೆ ನಮ್ಮ ಹಳೇ ಕಾರಿನ ಕ್ಲಬ್ಬಿನವರು ಫೋಟೋ ಕೇಳಿದರು. ನೀನೇ ಕಳಿಸಿದ್ದೆಯಲ್ಲ, ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಅಂತ. ಎಡಕ್ಕೆ ಅಪ್ಪ, ಬಂಪರ್ ಪಕ್ಕದಲ್ಲಿ ಪಂಚೆ ಎತ್ತಿ ಕಟ್ಟಿ, ಕೈಯಲ್ಲಿ ಹ್ಯಾಂಡಲ್. ಮುಖದ ಮೇಲೆ ಬೆವರೋ ಮಳೆಯೋ. ಬಲಕ್ಕೆ ನಿಮ್ಮ ಅಪ್ಪಯ್ಯ, ಸ್ಟೀರಿಂಗ್ ಹಿಂದೆ, ಕಿಟಕಿಯಿಂದ ಮೊಣಕೈ ಹೊರಗೆ. ಅದನ್ನು ಫೋನಿನಲ್ಲಿ ತೆರೆದು ಅಂಚನ್ನು ಬೆರಳಿನಿಂದ ಎಡಕ್ಕೆ ಎಳೆದೆ. ನಿಮ್ಮ ಅಪ್ಪಯ್ಯನ ತಲೆ ಹೋಯಿತು, ಕನ್ನಡಕ ಹೋಯಿತು, ಅಂಗಿ ಹೋಯಿತು. ಮೊಣಕೈ ಮಾತ್ರ ಹೋಗಲಿಲ್ಲ. ಅದನ್ನು ತೆಗೆದರೆ ಅರ್ಧ ಬಾನೆಟ್ ಹೋಗುತ್ತಿತ್ತು.

ಕ್ಲಬ್ಬಿನ ಬೋರ್ಡಿನಲ್ಲಿ ಹಾಕಿದರು. ಒಬ್ಬಾಕೆ ನೋಡಿ ಕೇಳಿದಳು, "ಈ ಮೊಣಕೈ ಯಾರದು?"

"ಡ್ರೈವರ್ ಇರಬೇಕು" ಅಂದೆ.

ಸುಬ್ಬು, ಇದನ್ನು ನಗಿಸಲು ಬರೆಯಬೇಕು ಅಂತಲೇ ಕೂತಿದ್ದೆ. ಬರೆಯುತ್ತಾ ಹೋದರೆ ನಗು ಬರುತ್ತಿಲ್ಲ. ನಿಮ್ಮ ಅಪ್ಪಯ್ಯ ಒಳ್ಳೆಯವರು. ನನ್ನ ಪಿಯುಸಿ ಫೀಸು ಕಟ್ಟಿದ್ದು ಅವರೇ. ನಿಮ್ಮ ಮನೆಯಲ್ಲಿ ನಾನು ಅಡುಗೆಮನೆಯವರೆಗೆ ಬಂದು ಉಂಡವನು, ನಮಗೆ ಯಾರೂ ಏನೂ ಅಂದಿಲ್ಲ. ಆದರೆ ದಿನಾ ಬೆಳಿಗ್ಗೆ ಅಪ್ಪ ಹ್ಯಾಂಡಲ್ ಹೊಡೆದು, ಇಂಜಿನ್ ಹಿಡಿದ ಮೇಲೆ ಓಡಿಹೋಗಿ ಮದ್ದಿನ ಬ್ಯಾಗ್ ಹಿಡಿದು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ. ಮುಂದಿನ ಸೀಟು ಖಾಲಿ ಇದ್ದರೂ ಹಿಂದೆ. ಅಪ್ಪ ಸ್ಟೀರಿಂಗ್ ಮುಟ್ಟಿದ್ದನ್ನು ನಾನು ನೋಡೇ ಇಲ್ಲ. ಪಾಯಿಂಟ್ ಗ್ಯಾಪ್ ಹೊಂದಿಸುವುದು, ಪ್ಲಗ್ ಒರೆಸುವುದು, ಡೈನಮೊ ಬೆಲ್ಟ್ ಹಾಕುವುದು ಎಲ್ಲ ಅವನೇ. ಅದಕ್ಕೆ ಸಂಬಳವೂ ಇರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ. ನನಗೆ ಆಗ ಇದೇನೂ ವಿಚಿತ್ರ ಅನ್ನಿಸಿರಲಿಲ್ಲ. ಈಗಲೂ ಅನ್ನಿಸುವುದಿಲ್ಲ ಅಂದುಕೊಂಡಿದ್ದೆ.

"ಡ್ರೈವರ್ ಇರಬೇಕು" ಅಂದ ಮೇಲೆ ನಾಚಿಕೆ ಆಗಬೇಕಿತ್ತು. ಖುಷಿಯಾಯಿತು ಕಣೋ. ಮನೆಗೆ ಬರುವವರೆಗೂ ಖುಷಿಯಾಗಿಯೇ ಇತ್ತು. ನಿನಗೆ ಹೇಳದೆ ಇದ್ದಿದ್ದರೆ ಇನ್ನೂ ಇರುತ್ತಿತ್ತು.

ಸರಿ, ಜಾಸ್ತಿಯಾಯಿತು. ಇಂಗ್ಲೆಂಡಿನ ಚಳಿ ಮನುಷ್ಯನನ್ನು ಹೀಗೆ ಮಾಡುತ್ತದೆ, ಇದಕ್ಕೆ ಇಲ್ಲಿನ ಡಾಕ್ಟರುಗಳು ವಿಟಮಿನ್ ಡಿ ಬರೆದುಕೊಡುತ್ತಾರೆ. ನಿಮ್ಮ ಅಪ್ಪಯ್ಯ ಆಗಿದ್ದರೆ ಆ ಕೆಂಪು ಮಿಕ್ಸ್ಚರ್ ಕೊಟ್ಟು, ಅದನ್ನು ಕಲಸಲು ನಮ್ಮಪ್ಪನನ್ನು ಕರೆಯುತ್ತಿದ್ದರು. ಎಲ್ಲ ಕಾಯಿಲೆಗೂ ಅದೊಂದೇ ಅಲ್ವಾ? ನಿನ್ನ ಹಲಸಿನ ಹಣ್ಣಿನ ಕೇಸಿಗೂ ಅದೇ. ಎತ್ತುವುದಿಲ್ಲ ಅಂದಿದ್ದೆ, ಎತ್ತಿಬಿಟ್ಟೆ, ಹೋಗಲಿ.

ಬೈಯುವುದಿದ್ದರೆ ಫೋನ್ ಮಾಡಿ ಬೈ. ಇಲ್ಲಿ ಕೆಳಗೆ ಬರೆಯಬೇಡ. ಕ್ಲಬ್ಬಿನಲ್ಲಿ ಇಬ್ಬರು ನನ್ನನ್ನು ಫಾಲೋ ಮಾಡುತ್ತಾರೆ, ಅನುವಾದದ ಬಟನ್ ಒತ್ತಿದರೆ ನನ್ನ ಕಥೆ ಮುಗಿಯಿತು. ಹಾಗಂತ ಇದನ್ನು ಯಾಕೆ ಎಲ್ಲರ ಎದುರು ಹಾಕಿದೆ ಅಂತ ಕೇಳಬೇಡ. ಸಿಕ್ಕಿಬೀಳಲಿ ಅಂತಲೇ ಇರಬಹುದು.

ನೀನು ಜೂನಿನಲ್ಲಿ ಬರುತ್ತೀಯಲ್ಲ, ಮಾಸ್ಟರ್ ಸಿಲಿಂಡರ್ ಮತ್ತೆ ಸೋರುತ್ತಿದೆ, ನಿನಗೋಸ್ಕರ ಮುಟ್ಟದೆ ಇಟ್ಟಿದ್ದೇನೆ. ಅಪ್ಪೆಮಿಡಿ ಮರೆಯಬೇಡ. ಪ್ಲಾಸ್ಟಿಕ್ ಡಬ್ಬದಲ್ಲಿ ಬೇಡ, ಹೋದ ಸಲ ಸೂಟ್‌ಕೇಸ್ ಏನಾಯಿತು ನೆನಪಿದೆಯಲ್ಲ.

ಅಂದಹಾಗೆ ಆ ಫೋಟೋವನ್ನು ಕ್ಲಬ್ಬಿನ ಪತ್ರಿಕೆಯಲ್ಲೂ ಹಾಕುತ್ತಾರಂತೆ. ಇಡೀ ಫೋಟೋ ಕಳಿಸಲೋ, ಮೊಣಕೈಯದೋ? ಕೆಳಗೆ ಏನು ಬರೆಯಬೇಕು ಅಂತಲೂ ಹೇಳು. ಈ ತಿಂಗಳ ಕೊನೆಯೊಳಗೆ ಬೇಕಂತೆ.

ನಿನ್ನ,
ಸೀನ